ಸಿಗಡಿ ಚಿಪ್ಪಿ ಹಚ್ಚಿದ ಬದನಿಕಾಯಿ

ಗರಗ
9 ಜೂನ್ 2025, ಸೋಮವಾರ

ಶರಣವ್ವ ಅತ್ತಿಯವರಿಗೆ ರಜನಿಯ ನಮಸ್ಕಾರ.

ನಮಸ್ಕಾರ ಸಿಟ್ಟಿಲೇ ಮಾಡೇನಿ. ತಗೊಳ್ಳೂದು ಬಿಡೂದು ನಿಮಗ ಬಿಟ್ಟದ್ದು. ಗುರುವಾರ ನಮ್ಮ ಶೆಡ್ಡಿನ್ಯಾಗ ನಿಂತು, ಎದಿ ಮ್ಯಾಲಿನ ಲಿಂಗಾ ಹಿಡದು, "ದಸರಾ ಮುಗಿಯೂತನಾ ನಿನ್ನ ಜೋಡಿ ಒಂದ ಮಾತು ಆಡಂಗಿಲ್ಲ" ಅಂತ ಆಣಿ ಮಾಡಿ ಹೋದ್ರಿ. ಫೋನ್ ಮಾಡಿದ್ರ ಕಟ್ ಮಾಡ್ತೀರಿ. ಬರಿಯಂಗಿಲ್ಲ, ಓದಂಗಿಲ್ಲ ಅಂತ ಆಣಿ ಮಾಡಿಲ್ಲಲ್ಲ? ಅದಕ್ಕ ಇದನ್ನ ಬರದು ಬೀರಪ್ಪನ ಟೆಂಪೋದಾಗ, ಸೌತಿಕಾಯಿ ಬುಟ್ಟಿಯೊಳಗ ಇಟ್ಟು ಕಳಸಾಕತ್ತೇನಿ.

ಆದದ್ದನ್ನ ಒಮ್ಮೆ ಸರಿಯಾಗಿ ಹೇಳ್ತೇನಿ, ಯಾಕಂದ್ರ ನೀವು ನಡುವನ ಎದ್ದು ಹೋದ್ರಿ. ಸಂಕ್ರಾಂತಿಯಿಂದ ನಮ್ಮೂರ ಹೆಣ್ಮಕ್ಕಳ ಬದನಿಕಾಯಿ ನಿಮ್ಮ ದುರ್ಗದಬೈಲ್ ಅಂಗಡಿಗೆ ಬರಾಕತ್ತಿದ್ವು. ಅದಕ್ಕೂ ಮೊದಲ ಮೂರನೇ ದಿನಕ್ಕ ತೊಟ್ಟಿನ ಬುಡಕ್ಕ ಬೂಷ್ಟು ಹಿಡದು ಅರ್ಧಾ ಬುಟ್ಟಿ ಎಮ್ಮಿ ಮುಂದ ಸುರಿಯೂದಾಗ್ತಿತ್ತು. ನಾ ಒಂದು ಪುಡಿ ಹುಳಿ ನೀರಾಗ ಕರಗಿಸಿ, ಕಾಯಿ ಅದರಾಗ ಅದ್ದಿ, ಖಾದಿ ಬಟ್ಟಿ ಮ್ಯಾಲೆ ಆರಿಸಿ ಕಳಸಾಕತ್ತ ಮ್ಯಾಲೆ ಒಂಬತ್ತು ದಿನ ಇಟ್ರೂ ಬೂಷ್ಟಿಲ್ಲ, ಸುಕ್ಕಿಲ್ಲ. "ನಮ್ಮ ರಜನಿ ಕೈಗುಣಾ ನೋಡ್ರಿ" ಅಂತ ಗಿರಾಕಿ ಮುಂದ ಹೇಳಿದವ್ರು ನೀವ. ಏನು ಹಚ್ಚತಿ ಅಂತ ಒಮ್ಮೆ ಕೇಳಿದ್ರಿ. "ಒಂದು ಪುಡಿ ಅತ್ತಿ, ಮಣ್ಣಾಗ ಬಿದ್ರ ಕರಗಿ ಹೋಗತೈತಿ, ಹೊಟ್ಟ್ಯಾಗ ಹೋದ್ರೂ ತ್ರಾಸಿಲ್ಲ" ಅಂದೆ. ಅದು ಸುಳ್ಳಲ್ಲ.

ಗುರುವಾರ ನೀವು ಮೊದಲ ಸಲ ಶೆಡ್ಡು ನೋಡಾಕ ಬಂದ್ರಿ. ಮೊರದಾಗ ಕೆಂಪಗ, ತೆಳ್ಳಗ ಏನೋ ಒಣಗಿಸಿದ್ದು ಕಂಡ್ತು. ಬ್ಯಾಡಗಿ ಮೆಣಸಿನಕಾಯಿ ಸಿಪ್ಪಿ ಅಂತ ತಿಳದು, ನಾ ಒಳಗಿಂದ "ಅತ್ತೀ ಬ್ಯಾಡ" ಅಂತ ಒದರೂದ್ರೊಳಗ, ಮುರದು ನಾಲಿಗಿ ಮ್ಯಾಲೆ ಇಟ್ಕೊಂಡ್ರಿ. ಜನ್ಮಾ ಪೂರ್ತಿ ಮೆಣಸಿನಕಾಯಿ, ಶುಂಠಿ, ಸೌತಿಕಾಯಿ ನಾಲಿಗಿಲೇ ಪರೀಕ್ಷಾ ಮಾಡಿದವ್ರು ನೀವು. ನೆಗಡಿ ಆಗಿ ಮೂಗು ಕಟ್ಟಿತ್ತು, ವಾಸನಿನೂ ಹತ್ತಲಿಲ್ಲ. ಅದು ಸಿಗಡಿ ಮೀನಿನ ಚಿಪ್ಪಿ, ಬದನಿಕಾಯಿಗೆ ಹಚ್ಚೂ ಪುಡಿ ಇದರಿಂದನ ಆಗೂದು ಅಂತ ನಾ ಹೇಳಬೇಕಾತು.

ನಳದ ಕೆಳಗ ಕುಂತು ಬಾಯಿ ಮುಕ್ಕಳಿಸಿ ಮುಕ್ಕಳಿಸಿ ಅತ್ರಿ. ಅದನ್ನ ನೋಡಿ ನನಗ ಭಾಳ ಸಂಕಟ ಆತು. ಅಷ್ಟಕ್ಕ ಮಾತ್ರ ತಪ್ಪಾತು ಅಂತೇನಿ. ಹಚ್ಚಿದ್ದಕ್ಕ ಅನ್ನಂಗಿಲ್ಲ.

"ಮಠದ ದಾಸೋಹಕ್ಕ ಮೈಲಿಗಿ ಉಣಿಸಿದಿ" ಅಂದ್ರಿ. ನಿಮ್ಮ ಗೋದಾಮಿನ ಮೂಲ್ಯಾಗಿರೂ ಬಿಳೀ ಪುಡಿ ಡಬ್ಬಿ ಯಾರದು? ಬಿತ್ತೂ ಬೀಜಕ್ಕ ಹಚ್ಚೂ ಔಷಧ ಅದು. ತಿನ್ನೂ ಪದಾರ್ಥಕ್ಕ ಹಾಕಬಾರದು ಅಂತ ಡಬ್ಬಿ ಮ್ಯಾಲೆ ಅಚ್ಚು ಹಾಕ್ಯಾರ. ಹನ್ನೆರಡು ವರ್ಷದಿಂದ ಅದನ್ನ ನೀರಾಗ ಕಲಿಸಿ ಬಟಾಟಿ, ಶುಂಠಿ ಅದ್ದಸ್ತೀರಿ. ಅದ್ದೂ ದುರಗಪ್ಪಜ್ಜನ ಕೈ ಬೊಟ್ಟಿನ ತೊಗಲು ಸುಲದು ಹೋಗೈತಿ. ಆ ಬಟಾಟಿನೂ ದಾಸೋಹಕ್ಕ ಹೋಗತಾವು. ವಿಷಾ ಮಡಿ ಆತು, ಸಿಗಡಿ ಚಿಪ್ಪಿ ಮೈಲಿಗಿ ಆತೇನು? ಇದಕ್ಕ ಉತ್ತರಾ ಬರೀರಿ.

ನಿಮ್ಮ ತಮ್ಮನ ಮಗಳು,
ರಜನಿ


ದುರ್ಗದಬೈಲ್, ಹುಬ್ಬಳ್ಳಿ
14 ಜೂನ್, ಶನಿವಾರ

ರಜನೀ,

ಕಾಗದದ ಮ್ಯಾಲೆ ದೇವರ ಹೆಸರು ಬರದಿಲ್ಲ. ಸಿಟ್ಟಿಲೇ ಬರಿಯೂ ಕಾಗದಕ್ಕ ಅವನ್ನ ಯಾಕ ಕರೀಲಿ?

ಭಾಳ ಶಾಣ್ಯಾಕಿ ಆಗೀ. ಧಾರವಾಡದ ಕಾಲೇಜಿನ್ಯಾಗ ನಿನಗ ಇದನ್ನ ಕಲಿಸ್ಯಾರೇನು, ಹಿರೇರಿಗೆ ಉತ್ತರಾ ಬರೀರಿ ಅಂತ ಅಪ್ಪಣಿ ಮಾಡೂದು? ನಿಮ್ಮಪ್ಪ ಬಸವಪ್ರಭು ಹೊಲಾ ಮಾಡ್ಕೊಂಡು ಸುಮ್ನ ಇರ್ತಾನ. ಅವನ ಪಾಲಿನ ಮಾತೂ ನೀನ ಕಸಗೊಂಡು ಹುಟ್ಟಿ.

ನಿಮ್ಮ ಮಾಮಾ ತೀರಿಕೊಂಡ ವರ್ಷದಿಂದ ಸೋಮವಾರದ ದಾಸೋಹದ ಕಾಯಿಪಲ್ಯ ನಂದು. ಇಪ್ಪತ್ತಾರು ವರ್ಷಾತು. ಮಳಿ ಬರ್ಲಿ, ಬಂದ್ ಇರ್ಲಿ, ಕೊರೊನಾದಾಗ ಪೊಲೀಸರು ಬಡಿಗಿ ಹಿಡದು ನಿಂತಿರ್ಲಿ, ಮಠದ ಬಾಗಿಲಿಗೆ ಬುಟ್ಟಿ ಮುಟ್ಟಿಸೇನಿ. "ಶರಣವ್ವನ ಬುಟ್ಟಿ ಬಂತು" ಅಂತಾರ ಅಲ್ಲಿ. ಗಂಡ ಸತ್ತ ಮ್ಯಾಲೆ ಮುತ್ತೈದಿ ಕಾರ್ಯಕ್ಕ ಕರೀಲಿಲ್ಲ, ಉಡಿ ತುಂಬಾಕ ಕರೀಲಿಲ್ಲ. ನನಗ ಅಂತ ಉಳದದ್ದು ಆ ಹೆಸರು ಒಂದ.

ನೀ ಹಚ್ಚಿದ ಬದನಿಕಾಯಿ ಎಷ್ಟು ಸೋಮವಾರ ಹೋದ್ವು ಎಣಸು. ನಾ ಒಮ್ಮೆ ಎಣಸೇನಿ, ಮತ್ತ ಎಣಸೂ ಧೈರ್ಯ ಇಲ್ಲ. ಎಣಗಾಯಿ ಮಾಡಿ, ನನ್ನ ಕೈಯಾರೆ ಬಡಿಸೇನಿ. ಉಪ್ಪು ನೋಡಿ ಬಾಯಿ ಚಪ್ಪರಿಸಿ ಉಂಡ ಮುದುಕರ ಮಾರಿ ಕಣ್ಣಿಗೆ ಕಟ್ಟತಾವು. ನಾ ಹೊಟ್ಟ್ಯಾಗಿನ ಕರಳು ಹೊರಗ ಬಂದಂಗ ಅತ್ತೇನಿ, ನಿನಗ ಅದು ಬರೇ ಸಂಕಟ.

ಈಗ ಕೇಳು. ಇದು ನನಗ ಗೊತ್ತು, ನಿನಗ ಗೊತ್ತು. ಮೂರನೇ ಕಿವಿಗೆ ಬೀಳಬಾರದು. ಆ ಪುಡಿ ತಿಪ್ಪಿಗೆ ಚೆಲ್ಲು. ನಿನ್ನ ಬದನಿಕಾಯಿ ನನ್ನ ಅಂಗಡಿಗೆ ಬ್ಯಾಡ, ಬೀರಪ್ಪಗೂ ಹೇಳೇನಿ. ಬಾಯಿ ಮುಚ್ಚಿಕೊಂಡಿರು. ಬಿಳೀ ಪುಡಿ ಎಲ್ಲಾ ಅಂಗಡ್ಯಾಗೂ ಐತಿ. ಅದು ವ್ಯಾಪಾರದ ಮಾತು, ಅದಕ್ಕ ನಿನಗ ಉತ್ತರಾ ಕೊಡೂ ಗರಜ ನನಗಿಲ್ಲ.

ಶರಣವ್ವ


ಗರಗ
21 ಜೂನ್, ಶನಿವಾರ

ಅತ್ತೀ,

ಚೆಲ್ಲಂಗಿಲ್ಲ.

ಯಾಕ ಚೆಲ್ಲಲಿ? ಹಳೇ ಹುಬ್ಬಳ್ಳ್ಯಾಗ ಹೊಳೆವ್ವ ಅಂತ ಒಬ್ಬಾಕಿ ಸಿಗಡಿ ಮಾರತಾಳ. ಆಕಿ ಸುಲದು ಒಗದ ಚಿಪ್ಪಿ ಗಟಾರದಾಗ ಬಿದ್ದು ನಾರತಿತ್ತು. ಅದನ್ನ ನಾ ತಂದು ತೊಳದು, ಒಣಗಿಸಿ, ಅದರಾಗಿನ ಸುಣ್ಣ ತಗದು, ಮಾಂಸದ ಅಂಶ ತಗದು, ಕಾಸ್ಟಿಕ್ ನೀರಾಗ ಕುದಿಸಿದ್ರ ಕಡೀಕ ಒಂದು ಪುಡಿ ಉಳಿತೈತಿ. ವಾಸನಿ ಇಲ್ಲ, ರುಚಿ ಇಲ್ಲ. ಕೈಟೋಸಾನ್ ಅಂತಾರ. ಅದನ್ನ ಹಚ್ಚಿದ್ರ ಕಾಯಿ ಸುತ್ತ ಕಣ್ಣಿಗೆ ಕಾಣದಂಥಾ ಪೊರಿ ಕುಂಡ್ರತೈತಿ, ಬೂಷ್ಟು ಬೆಳ್ಯಾಕ ಬಿಡೂದಿಲ್ಲ. ಅಣಬಿಯಿಂದನೂ ಇದನ್ನ ಮಾಡಾಕ ಬರತೈತಿ, ಅದು ನನಗ ಇನ್ನೂ ಕೈಗೆ ಹತ್ತಿಲ್ಲ.

ಹೋದ ವರ್ಷ ನಮ್ಮ ಓಣಿ ಸಾವಂತ್ರೆವ್ವ ಮೂರು ಬುಟ್ಟಿ ಬದನಿಕಾಯಿ ತಿಪ್ಪಿಗೆ ಸುರದು, ಅಲ್ಲೇ ಕುಂತು ಮಳಿರಾಯನ್ನ, ದಲಾಲರನ್ನ ಎಲ್ಲಾರನ್ನೂ ಬೈದ್ಳು. ಆಮ್ಯಾಲೆ ನನ್ನ ಕಡೆ ತಿರುಗಿ, "ನೀ ಅಷ್ಟು ಸಾಲಿ ಕಲತು ಏನು ಕಿಸದಿ?" ಅಂದ್ಳು. ಆ ಮಾತು ಎದಿಗೆ ನಟ್ಟಿತು. ಅವತ್ತ ಶುರು ಮಾಡಿದ್ದು ಇದು. ಈಗ ಹನ್ನೊಂದು ಮಂದಿ ಹೆಣ್ಮಕ್ಕಳು ಅದ್ದಾಕ, ಆರಿಸಾಕ ಬರತಾರ. ನೀವು ಬ್ಯಾಡ ಅಂದ ಮ್ಯಾಲೆ ಎಲ್ಲಾರೂ ನನ್ನ ಮಾರಿ ನೋಡಾಕತ್ತಾರ. ಹುಬ್ಬಳ್ಳಿ ಪ್ಯಾಟ್ಯಾಗ ನಮಗ ನಿಮ್ಮ ಅಂಗಡಿ ಬಿಟ್ರ ಬ್ಯಾರೆ ಬಾಗಿಲಾ ಇರಲಿಲ್ಲ.

ಇರಲಿಲ್ಲ ಅಂದೆ. ಮೊನ್ನೆ ನಿಮ್ಮ ಎದುರಿನ ಸಾಲಿನ ಶಂಭುಲಿಂಗ ಕಾಕಾ ಕಾರ್ ತಗೊಂಡು ಬಂದಿದ್ರು. "ನಿನ್ನ ಮಾಲೆಲ್ಲಾ ನಾ ಎತ್ತತೇನಿ ತಂಗೀ. ಬುಟ್ಟಿಗೆ ಗಿಡಮೂಲಿಕಿ ಲೇಪ ಅಂತ ಒಂದು ಚೀಟಿ ಹಚ್ಚು, ಸಾಕು. ಯಾರು ನೋಡಾಕ ಬರತಾರ?" ಅಂದ್ರು. ಸಾವಂತ್ರೆವ್ವ ಹಿಂದಿಂದ ನನ್ನ ಸೀರಿ ಜಗ್ಗಿ "ಹ್ಞೂಂ ಅನ್ನು, ಹ್ಞೂಂ ಅನ್ನು" ಅಂತಿದ್ಳು.

ನಾ ಏನೂ ಹೇಳಿಲ್ಲ ಇನ್ನೂ. ನೀವು ಬಾಯಿ ಮುಚ್ಚಿಕೋ ಅಂತೀರಿ, ಅವ್ರು ಬ್ಯಾರೆ ಹೆಸರು ಬರಿ ಅಂತಾರ. ಎರಡಕ್ಕೂ ಏನು ಫರಕ ಐತಿ ಅಂತ ಯೋಚನಿ ಮಾಡಾಕತ್ತೇನಿ. ನಿಮಗ ಗೊತ್ತಿದ್ರ ಹೇಳ್ರಿ.

ರಜನಿ


ಹುಬ್ಬಳ್ಳಿ
30 ಜುಲೈ, ಬುಧವಾರ

ರಜನೀ,

ತಿಂಗಳ ಮ್ಯಾಲಾತು, ಅತ್ತಿ ಸತ್ಲೇನೋ ಅಂದಿರಬೇಕು. ಸತ್ತಿಲ್ಲ. ನಿನ್ನ ಕಾಗದ ತಲಿದಿಂಬಿನ ಕೆಳಗ ಇಟ್ಕೊಂಡು ದಿನಾ ಸಿಟ್ಟು ಮಾಡ್ಕೋತ ಇದ್ದೆ.

ನಿನ್ನೆ ಹಳೇ ಹುಬ್ಬಳ್ಳಿಗೆ ಹೋಗಿದ್ದೆ. ನನ್ನ ಬಾಯಾಗ ಹೋದದ್ದು ಎಂಥಾದ್ದು ಅಂತ ಕಣ್ಣಿಲೇ ನೋಡಬೇಕು ಅನಿಸ್ತು. ಸೆರಗು ಮೂಗಿಗೆ ಹಿಡಕೊಂಡು ಹೊಳೆವ್ವನ ಮುಂದ ನಿಂತೆ. ನೋಡಿದ್ರ ಪರಿಚಯದ ಮಾರಿ! ನಮ್ಮ ಅಂಗಡಿ ಗಿರಾಕಿ.

"ಹಾದಿ ತಪ್ಪಿ ಬಂದ್ರೇನ್ರಿ ಅವ್ವಾರ?" ಅಂತ ನಕ್ಕಳು.

"ನಮ್ಮ ಹುಡುಗಿ ಚಿಪ್ಪಿ ಒಯ್ತಾಳಲ್ಲ, ಅದನ್ನ ಕೇಳಾಕ ಬಂದೆ" ಅಂದೆ.

"ಕಾಲೇಜ ಅಕ್ಕಾರ್ರಿ? ಗೊಬ್ಬರಕ್ಕ ಒಯ್ತಾರಂತ ತಿಳದೇನಿ."

"ಗೊಬ್ಬರಕ್ಕಲ್ಲವಾ. ಬದನಿಕಾಯಿಗೆ ಹಚ್ಚತಾಳ. ನಮ್ಮ ಅಂಗಡಿ ಬದನಿಕಾಯಿಗೆ."

ಹೊಳೆವ್ವನ ನಗು ಹೋತು. ಕೈಯಾಗಿನ ಚಾಕು ಕೆಳಗಿಟ್ಳು. "ಅವ್ವಾರ, ರವಿವಾರ ಸಂಜಿಕ ನಿಮ್ಮ ಅಂಗಡ್ಯಾಗ ಬದನಿಕಾಯಿ ಒಯ್ಯೂದು ನಾನ ಅಲ್ಲೇನ್ರಿ? ಸೋಮವಾರದ ವ್ರತಾ ಹಿಡದು ಇಪ್ಪತ್ತು ವರ್ಷಾತ್ರಿ. ಮಗಳು ಕಾಮಣಿಯಾಗಿ ಬದುಕಿ ಉಳದಾಗ ಬೇಡ್ಕೊಂಡೇನಿ. ಸೋಮವಾರ ಮೀನಾ ಮುಟ್ಟಂಗಿಲ್ಲ, ಮಾರಂಗಿಲ್ಲ, ಬುಟ್ಟಿ ಸೈತ ಮನಿ ಹೊರಗ ಇಡತೇನಿ. ನಾ ಒಗದದ್ದು ನನ್ನ ತಾಟಿಗೆ ಬಂತೇನ್ರಿ?"

ಆಕಿಗೆ ಅಳು ಬಂತು, ನನಗ ನಗು ಬಂತು. ಆಮ್ಯಾಲೆ ಅದಲಿ ಬದಲಿ ಆತು, ನಾ ಅಳಾಕತ್ತೆ, ಆಕಿ ನಗಾಕತ್ತಳು. ಮಂದಿ ನಿಂತು ನೋಡಿದ್ರು. ಚಹಾ ತರಿಸಿದ್ಳು. ಆ ಓಣ್ಯಾಗ ಜನ್ಮದಾಗ ನೀರು ಮುಟ್ಟಿದಾಕಿ ಅಲ್ಲ ನಾನು. ಕುಡದೆ.

ಏಳೂ ಮುಂದ ಆಕಿ ಒಂದು ಮಾತು ಅಂದ್ಳು. "ಹಚ್ಚಲಿ ಬಿಡ್ರಿ, ಛಲೋನ ಉಳದಿದ್ವು ಕಾಯಿ. ಒಂದು ಮಾತು ಹೇಳಬಾರದಾಗಿತ್ತೇನ್ರಿ? ಹೇಳಿದ್ರ ಮಂಗಳವಾರ ಒಯ್ತಿದ್ದೆ."

ಅಷ್ಟ ನೋಡು. ಮಂಗಳವಾರ ಒಯ್ತಿದ್ದೆ ಅಂದ್ಳು. ನಿನ್ನ ಸಿಗಡಿ ಮ್ಯಾಲೆ ನನಗ ಸಿಟ್ಟು ಉಳದಿಲ್ಲ, ಆದ್ರ ನಿನ್ನ ಮ್ಯಾಲೆ ಐತಿ. ಲೋಕಕ್ಕೆಲ್ಲಾ ಬುದ್ಧಿ ಹೇಳ್ತಿ, ಆ ಬಡವಿಗೆ ಹೇಳಬೇಕಾದ ಒಂದು ಮಾತು ಹೇಳಲಿಲ್ಲ.

ಮನಿಗೆ ಬಂದು ಚಾಳಸಾ ಹಾಕ್ಕೊಂಡು ಬಿಳೀ ಪುಡಿ ಡಬ್ಬಿ ಮ್ಯಾಲಿಂದು ಓದಿದೆ. ಹನ್ನೆರಡು ವರ್ಷದಾಗ ಮೊದಲ ಸಲ. ದುರಗಪ್ಪನ್ನ ಕರದು ಕೈ ಹಿಡದು ನೋಡಿದೆ. "ಏನಾಗಿಲ್ಲ ಬಿಡ್ರಿ ಅವ್ವಾರ, ವಯಸ್ಸಾತು" ಅಂದ. ನನಗ ಅವನ ಮಾರಿ ನೋಡಾಕ ಆಗಲಿಲ್ಲ. ಇನ್ನ ಆ ಪುಡಿ ನನ್ನ ಗೋದಾಮಿನ್ಯಾಗ ಬರೂದಿಲ್ಲ, ಬಟಾಟಿ ಕೊಳತ್ರ ಕೊಳೀಲಿ.

ಬರೂ ಸೋಮವಾರ ಮಠದಾಗ ಎಲ್ಲಾ ಹೇಳ್ತೇನಿ. ಅದು ನನ್ನ ಕೆಲಸ, ನೀ ಬರಬ್ಯಾಡ. ನಿನ್ನ ಜೋಡಿ ಮಾತಂತೂ ದಸರಾ ಮುಗದ ಮ್ಯಾಲೇನ. ಆಣಿ ಸಿಟ್ಟಿಲೇ ಮಾಡಿದ್ರೂ ಆಣಿ.

ನಿನ್ನ ಅತ್ತಿ,
ಶರಣವ್ವ


ಗರಗ
2 ಆಗಸ್ಟ್, ಶನಿವಾರ

ಅತ್ತೀ,

ಓದಿ ಎರಡು ದಿನ ಉಣ್ಣಾಕ ಮನಸ ಬರಲಿಲ್ಲ. ಖರೇ ಹೇಳ್ತೇನಿ. ನಾ ಮರತು ಬಿಟ್ಟದ್ದಲ್ಲ, ಅಂಜಿ ಬಿಟ್ಟದ್ದು. ಸಿಗಡಿ ಅಂದ್ರ ನೀವು ಬ್ಯಾಡ ಅಂತೀರಂತ ನನಗ ಗೊತ್ತಿತ್ತು. ವಿಜ್ಞಾನದಾಗ ಅದು ಮೀನಲ್ಲ, ಬರೇ ಒಂದು ಪುಡಿ ಅಂತ ಮನಸಿಗೆ ಹೇಳಿಕೊಂಡೆ. ಸಿಗಡಿ ತಿಂದ್ರ ಮೈಗೆ ಆಗದವ್ರು ಇರ್ತಾರ, ಅವ್ರಿಗೆ ಹೇಳಲೇಬೇಕು ಅಂತ ಪುಸ್ತಕದಾಗ ನಾನ ಓದೇನಿ. ಗೊತ್ತಿದ್ದೂ ಹೇಳಲಿಲ್ಲ. ಮ್ಯಾಲೆ ನಿಮಗ ಜೋರು ಮಾಡಿ ಕಾಗದ ಬರದೆ. ನಾಚಿಕಿ ಆಗತೈತಿ.

ನಿನ್ನೆ ಹೊಳೆವ್ವನ ಹತ್ರ ಹೋಗಿ ತಪ್ಪಾತು ಅಂದೆ. ಒಂದು ತಾಸು ಬೈದ್ಳು. ಎಲ್ಲಾ ಬೈಸಿಕೊಂಡೆ. ಬೈದು ಮುಗಿದ ಮ್ಯಾಲೆ ಚಿಪ್ಪಿ ಚೀಲಾ ತಾನ ಎತ್ತಿ ಕೊಟ್ಳು.

ಶಂಭುಲಿಂಗ ಕಾಕಾಗ ಫೋನ್ ಮಾಡಿ, "ಚೀಟಿ ಹಚ್ಚತೇನಿ, ಆದ್ರ ಅದರ ಮ್ಯಾಲೆ ಸಿಗಡಿ ಚಿಪ್ಪಿ ಅಂತ ಬರೀತೇನಿ" ಅಂದೆ. "ನಿನಗ ತಲಿ ಕೆಟ್ಟೈತಿ. ಇಂಥಾ ಪುಡಿ ನಿನ್ನ ಕಡೆ ಮಾತ್ರ ಐತೇನು?" ಅಂತ ಫೋನ್ ಇಟ್ರು. ಸಾವಂತ್ರೆವ್ವ ನನ್ನ ಜೋಡಿ ಮಾತು ಬಿಟ್ಟಾಳ. ನೀವು ಒಬ್ಬರು, ಆಕಿ ಒಬ್ಬಾಕಿ.

ಅತ್ತೀ, ಮಠದಾಗ ಹೇಳಿದ್ರ ನಿಮ್ಮ ಬುಟ್ಟಿ ಹೋಗತೈತಿ. ನನ್ನ ಹೆಸರು ಹೇಳ್ರಿ. ಹುಡುಗಿ ಮೋಸ ಮಾಡಿದ್ಳು ಅನ್ರಿ. ಅದರಾಗ ಸುಳ್ಳೂ ಇಲ್ಲ. ನನ್ನ ಹೆಸರು ಕೆಟ್ರ ನಾ ತಡಕೋತೇನಿ, ನಿಮ್ಮದು ಹೋಗೂದು ಬ್ಯಾಡ.

ರಜನಿ


ಹುಬ್ಬಳ್ಳಿ
5 ಆಗಸ್ಟ್, ಮಂಗಳವಾರ

ರಜನೀ,

ಬುಟ್ಟಿ ಹೋತು. ಮೊದಲ ಅದನ್ನ ಹೇಳಿಬಿಡ್ತೇನಿ, ಉಳದದ್ದು ನಿಧಾನಕ ಓದು.

ನಿನ್ನೆ ಮುಂಜಾನೆ ಮಠಕ್ಕ ಹೋದೆ. ದಾಸೋಹ ನೋಡ್ಕೊಳ್ಳೂ ಮಹಾಂತಯ್ಯನವ್ರು ಉಗ್ರಾಣದ ಮುಂದ ಕುಂತಿದ್ರು. ಎಲ್ಲಾ ಹೇಳಿದೆ, ಸಿಗಡಿದೂ ಹೇಳಿದೆ, ಬಿಳೀ ಪುಡಿದೂ ಹೇಳಿದೆ. ಅತ್ತಿತ್ತ ನೋಡಿ ಹತ್ರ ಕರದ್ರು. ಆಮ್ಯಾಲೆ ಸಣ್ಣ ದನಿಲೇ, "ನನಗ ಹೇಳಿದಿ, ಇಲ್ಲಿಗೆ ಮುಗೀತು ಶರಣವ್ವಾ. ಮಂದಿಗೆ ಗೊತ್ತಾದ್ರ ಮಠಕ್ಕ ಕೆಟ್ಟ ಹೆಸರು. ಗರಗದ ಹುಡುಗಿ ನಿನಗ ಮೋಸ ಮಾಡಿದ್ಳು ಅಂತ ಎರಡು ಸಾಲು ಬರದು ಕೊಡು, ಮುಂದ ಯಾರರ ಕೇಳಿದ್ರ ಇರ್ಲಿ. ಸೇವಾ ನಿಂದ ಇರತೈತಿ" ಅಂದ್ರು.

"ಬಿಳೀ ಪುಡಿದು ಹೆಂಗ್ರಿ?" ಅಂದೆ.

"ಅದು ಎಲ್ಲಾ ಕಡೆ ಇದ್ದದ್ದ. ಅದನ್ನ್ಯಾಕ ಎತ್ತತಿ?"

ಹಾಳಿ ಕೊಟ್ರು, ಪೆನ್ನು ಕೊಟ್ರು. ನಿನ್ನ ಕಡೆ ಏನು ಮುಚ್ಚಿಡ್ಲಿ, ತಗೊಂಡೆ. "ರಜನಿ" ಅಂತ ಬರದೂ ಬಿಟ್ಟೆ. ಮೋಸ ಅನ್ನೂ ಅಕ್ಷರ ಬರಿಯಾಕ ಕೈ ಏಳಲಿಲ್ಲ. ನೀ ಐದು ತಿಂಗಳು ಮುಚ್ಚಿಟ್ಟಿ, ನಾ ಹನ್ನೆರಡು ವರ್ಷ ಮುಚ್ಚಿಟ್ಟೇನಿ. ನನ್ನ ಹೆಸರು ಉಳಿಸಿಕೊಳ್ಳಾಕ ತಮ್ಮನ ಮಗಳನ್ನ ಕಳ್ಳಿ ಮಾಡಲೇನು? ಮೈ ಉರದು ಬಂತು. ಆ ಹಾಳಿ ಹರದು, ಇನ್ನೊಂದು ಇಸ್ಕೊಂಡು ಬ್ಯಾರೆ ಬರದೆ. ಅವ್ರ ಕೈಯಾಗ ಕೊಡಲಿಲ್ಲ.

ಮಧ್ಯಾಹ್ನ ಪಂಕ್ತಿ ಕುಂತಿತ್ತು. ಎಲಿ ಹಾಕಿದ್ರು, ಬಡಸೂದು ಶುರು ಆಗಿರಲಿಲ್ಲ. ನಡುವ ನಿಂತು ಓದಿದೆ. "ಕುಂತ ಶರಣರಿಗೆ ಕೈ ಮುಗದು ಹೇಳ್ತೇನಿ. ಸಂಕ್ರಾಂತಿಯಿಂದ ಜೂನ್ ತನಾ ನಾ ತಂದ ಬದನಿಕಾಯಿಗೆ ಸಿಗಡಿ ಮೀನಿನ ಚಿಪ್ಪಿಲೇ ಮಾಡಿದ ಪುಡಿ ಹಚ್ಚಿತ್ತು. ಅದು ನನಗ ಗೊತ್ತಿರಲಿಲ್ಲ, ಗೊತ್ತಾದ ಮ್ಯಾಲೆ ಎರಡು ತಿಂಗಳು ಮುಚ್ಚಿಟ್ಟೆ. ಹನ್ನೆರಡು ವರ್ಷದಿಂದ ನಾ ತಂದ ಬಟಾಟಿಗೆ, ಶುಂಠಿಗೆ ವಿಷದ ಪುಡಿ ಹಚ್ಚಿತ್ತು. ಅದು ನನಗ ಗೊತ್ತಿತ್ತು."

ಯಾರೋ ಶಿವಶಿವಾ ಅಂದ್ರು. ಏಳೆಂಟು ಮಂದಿ ಎಲಿ ಬಿಟ್ಟು ಎದ್ದು ಹೋದ್ರು. ಒಬ್ಬಾಕಿ ನನ್ನ ಮಾರಿ ಮುಂದ ಕೈ ಮಾಡಿ, "ನಿನ್ನ ಬಾಯಾಗ ಮಣ್ಣು ಹಾಕಾ" ಅಂದ್ಳು. ಅನ್ನಲಿ, ಆಕಿಗೆ ಹಕ್ಕೈತಿ. ಮೂಲ್ಯಾಗ ಕುಂತಿದ್ದ ಒಬ್ಬ ಅಜ್ಜ, "ಇವತ್ತಿಂದಕ್ಕ ಏನು ಹಚ್ಚೀ ಯವ್ವಾ?" ಅಂತ ಕೇಳಿದ.

"ಏನೂ ಹಚ್ಚಿಲ್ರಿ. ಮೂರು ಬುಟ್ಟಿಯಾಗ ಒಂದೂವರಿ ಕೊಳತಿದ್ವು. ಉಳದದ್ದು ಆರಿಸಿ ತಂದೇನಿ."

"ಹಂಗಾರ ಬಡಸು, ಹಸುವಾಗೈತಿ" ಅಂದ. ಬಡಿಸಿದೆ. ಮುಕ್ಕಾಲು ಪಾಲು ಮಂದಿ ಉಂಡು ಎದ್ರು.

ಮಹಾಂತಯ್ಯನವ್ರು ಬಾಗಿಲದಾಗ ನಿಂತು, "ಬರೂ ಸೋಮವಾರದಿಂದ ನಿನ್ನ ಬುಟ್ಟಿ ಬ್ಯಾಡ" ಅಂದ್ರು. ಆಗಲ್ರಿ ಅಂದೆ. ಅಂಗಡಿತನಾ ಅಳಕೋತ ಬಂದೆ. ಇಪ್ಪತ್ತಾರು ವರ್ಷ, ರಜನಿ. ಅಳಬಾರದೇನು ನಾನು?

ಅತ್ತದ್ದು ಮುಗೀತು. ಈಗ ಲಗೂನ ಹತ್ತು ಬುಟ್ಟಿ ಬದನಿಕಾಯಿ ಕಳಸು. ಐದಕ್ಕ ನಿನ್ನ ಪುಡಿ ಹಚ್ಚು, ಐದಕ್ಕ ಹಚ್ಚಬ್ಯಾಡ. ಹಚ್ಚಿದ್ದರ ಮ್ಯಾಲೆ ಏನು ಹಚ್ಚೀ ಅಂತ ದಪ್ಪ ಅಕ್ಷರದಾಗ ಬರಿ. ಅಣಬಿದು ಬಂದ್ರ ಅದಕ್ಕೂ ಬ್ಯಾರೆ ಬುಟ್ಟಿ ಇಡು, ಹೆಸರು ಬರಿ. ನೋಡೋಣ, ಯಾರು ತಗೋತಾರ, ಯಾರು ಉಗಳತಾರ.

ಶರಣವ್ವ


ಗರಗ
7 ಆಗಸ್ಟ್, ಗುರುವಾರ

ಅತ್ತೀ,

ನಿಮ್ಮ ಕಾಗದ ಶೆಡ್ಡಿನ್ಯಾಗ ಎಲ್ಲಾರ ಮುಂದ ಜೋರಾಗಿ ಓದಿದೆ. ಸಾವಂತ್ರೆವ್ವಗ ಓದಾಕ ಬರೂದಿಲ್ಲ, ಆದ್ರೂ ಕಾಗದ ಕಸಗೊಂಡು ಹಣಿಗೆ ಹಚ್ಚಿಕೊಂಡ್ಳು. ಆಮ್ಯಾಲೆ, "ನಿಮ್ಮತ್ತಿ ಎದಿ ಗಂಡೆದಿ. ಬರಿ ನೀ, ಸಿಗಡಿ ಅಂತನ ಬರಿ, ಯಾವನು ಏನಂತಾನ ನೋಡೂಣು" ಅಂದ್ಳು. ಮಾತು ಬಿಟ್ಟಾಕಿ ಈಗ ಬಾಯಿ ಮುಚ್ಚವಲ್ಲಳು.

ಹತ್ತು ಬುಟ್ಟಿ ಕಳಸೇನಿ. ಚೀಟಿ ಮ್ಯಾಲೆ ಹಿಂಗ ಬರದೇನಿ: "ಈ ಬದನಿಕಾಯಿಗೆ ಸಿಗಡಿ ಚಿಪ್ಪಿನ ಪುಡಿ ಹಚ್ಚೇವಿ. ಒಂಬತ್ತು ದಿನ ಕೆಡೂದಿಲ್ಲ. ಮೀನು ಆಗದವ್ರು, ಒಲ್ಲದವ್ರು ಬಾಜೂಕಿನ ಬುಟ್ಟಿ ನೋಡ್ರಿ." ಅಕ್ಷರ ಸಣ್ಣ ಆಗಿದ್ರ ಹೇಳ್ರಿ, ಇನ್ನಷ್ಟು ದೊಡ್ಡು ಮಾಡ್ತೇನಿ.

ನಿಮ್ಮ ಬುಟ್ಟಿ ನನ್ನಿಂದ ಹೋತು ಅನ್ನೂದು ಮಾತ್ರ ನನ್ನ ಎದಿ ಬಿಟ್ಟು ಹೋಗವಲ್ದು.

ರಜನಿ


ಹುಬ್ಬಳ್ಳಿ
20 ಆಗಸ್ಟ್, ಬುಧವಾರ

ರಜನೀ,

ನಿನ್ನ ಎದಿ ಸುದ್ದಿ ಬಿಡು, ಅಂಗಡಿ ಸುದ್ದಿ ಕೇಳು.

ಮೊದಲ ನಾಕು ದಿನ ನಿನ್ನ ಚೀಟಿ ಬುಟ್ಟಿ ಕಡೆ ಒಂದು ನೊಣಾ ಸೈತ ಹಾಯಲಿಲ್ಲ. ಚೀಟಿ ಓದೂದು, ನನ್ನ ಮಾರಿ ನೋಡೂದು, ಹೋಗೂದು. ಎದುರಿನ ಸಾಲಿನವ್ರು "ಶರಣವ್ವ ಮೀನದ ಅಂಗಡಿ ಇಟ್ಟಾಳ" ಅಂತ ನಕ್ರು. ನಾನೂ ಚೀಟಿ ತಗೀಲಿಲ್ಲ. ಐದನೇ ದಿನ, ಮಂಗಳವಾರ, ಹೊಳೆವ್ವ ಬಂದು ನಡು ಪ್ಯಾಟ್ಯಾಗ ನಿಂತು, "ಇವತ್ತ ಮಂಗಳವಾರ ಅವ್ವಾರ, ಹಚ್ಚಿದ್ದ ಕೊಡ್ರಿ ಎರಡು ಕಿಲೋ" ಅಂತ ಒದರಿದ್ಳು. ಆಕಿ ದನಿ ನಿನಗ ಗೊತ್ತಲ್ಲ, ಹುಬ್ಬಳ್ಳಿ ಸ್ಟೇಷನ್ ತನಾ ಕೇಳಿರಬೇಕು. ಆಕಿ ಹಿಂದ ಒಬ್ಬ ಖಾನಾವಳಿಯವ್ರು ಬಂದ್ರು. ಈಗ ಹಚ್ಚಿದ್ದು ದಿನಾ ಎರಡು ಬುಟ್ಟಿ ಹೋಗತೈತಿ. ಹಚ್ಚಲಾರದ್ದು ಮೂರು. ಮಂದಿ ಕೇಳಿ ಕೇಳಿ ಒಯ್ತಾರ. ಬಿಳೀ ಪುಡಿ ಬಿಟ್ಟ ಮ್ಯಾಲೆ ಬಟಾಟಿ ಕೊಳ್ಯಾಕತ್ತಾವು, ಅದಕ್ಕೂ ಏನರ ಮಾಡು. ದುರಗಪ್ಪನ ಬೊಟ್ಟಿಗೆ ಹೊಸಾ ತೊಗಲು ಬರಾಕತ್ತೈತಿ.

ಈಗ ಇನ್ನೊಂದು. ಮಠದ ಬುಟ್ಟಿ ಯಾರಿಗೆ ಹೋತು ಗೊತ್ತೇನು? ಶಂಭುಲಿಂಗಗ. ಎರಡು ಸೋಮವಾರ ಆತು. ಅವನ ಅಂಗಡಿ ಬದನಿಕಾಯಿ ನಾ ದಿನಾ ಇಲ್ಲಿಂದ ನೋಡ್ತೇನಿ. ಒಂದು ಬುಟ್ಟಿಗೆ ಗುರುತು ಹಿಡದು ಎಣಸೇನಿ, ಹತ್ತು ದಿನಾದ್ರೂ ತೊಟ್ಟಿನ್ಯಾಗ ಬೂಷ್ಟಿಲ್ಲ, ಮಿರಿಮಿರಿ ಮಿಂಚತಾವು. ಮ್ಯಾಲೆ ಹಸಿರು ಚೀಟಿ, ಗಿಡಮೂಲಿಕಿ ಲೇಪ ಅಂತ. ಹೋಗಿ ಕೇಳಿದೆ. "ಏನು ಹಚ್ಚಿ ಶಂಭುಲಿಂಗ?"

"ಅದು ಕಂಪನಿ ಗುಟ್ಟು ಅಕ್ಕಾ."

ಸಿಗಡಿ ಇರಬಹುದು, ಖರೇನ ಗಿಡದ ರಸಾ ಇರಬಹುದು, ನನ್ನ ಹಳೇ ಬಿಳೀ ಪುಡಿನೂ ಇರಬಹುದು. ನನಗ ಗೊತ್ತಿಲ್ಲ. ಅವನ ಮ್ಯಾಲೆ ಸುಳ್ಳ ಹೊರಿಸಾಕಿ ಅಲ್ಲ ನಾನು. ಮಹಾಂತಯ್ಯನವ್ರನ್ನ ಕೇಳಿದೆ. "ನಾವು ಕೇಳಿಲ್ಲ, ಅವ್ರು ಹೇಳಿಲ್ಲ. ನೀ ಸುಮ್ನಿರು" ಅಂದ್ರು.

ಸುಮ್ನಿರಂಗಿಲ್ಲ. ಸುಮ್ನಿದ್ದು ಹನ್ನೆರಡು ವರ್ಷ ಮಂದಿಗೆ ವಿಷಾ ಹಾಕೇನಿ ನಾನು.

ದಾಸೋಹಕ್ಕ ಬುಟ್ಟಿ ತರಾಕ ನನಗ ಬಾಗಿಲಾ ಹಾಕ್ಯಾರ. ಉಣ್ಣಾಕ ಬರೂರಿಗೆ ಯಾರಿಗೂ ಬಾಗಿಲಾ ಹಾಕೂದಿಲ್ಲ, ಹಾಕಾಕ ಬರೂದೂ ಇಲ್ಲ. ಬರೂ ಸೋಮವಾರ ನಾನು, ಹೊಳೆವ್ವ ಪಂಕ್ತಿಗೆ ಹೋಗೂದು ನಕ್ಕಿ ಮಾಡೇವಿ. ದುರಗಪ್ಪನೂ ಬರತಾನಂತ. ನೀನೂ ಬಾ, ಸಾವಂತ್ರೆವ್ವನ್ನ, ಶೆಡ್ಡಿನ ಹೆಣ್ಮಕ್ಕಳನ್ನ ಎಲ್ಲಾರನ್ನೂ ಬೀರಪ್ಪನ ಟೆಂಪೋದಾಗ ಹತ್ತಿಸಿಕೊಂಡು ಬಾ. ಆಣಿ ಇನ್ನೂ ಐತಿ, ನಿನ್ನ ಜೋಡಿ ಮಾತಾಡಂಗಿಲ್ಲ, ಬಾಜೂಕ ಕುಂಡ್ರತೇನಿ ಅಷ್ಟ. ಜಗಳಾ ಇಲ್ಲ, ಒದರೂದಿಲ್ಲ. ಸಾಲಾಗಿ ಎಲಿ ಮುಂದ ಕುಂಡ್ರೂದು. ಎಣಗಾಯಿ ಬಡಿಸಿದ ಮ್ಯಾಲೆ ಕೈ ಮುಗದು ಒಬ್ಬೊಬ್ಬರ ಕೇಳೂದು, "ಇದಕ್ಕ ಏನು ಹಚ್ಚೀರ್ರಿ?" ಹೇಳೂತನಾ ತುತ್ತು ಎತ್ತೂದಿಲ್ಲ, ಎಲಿ ಬಿಟ್ಟು ಏಳೂದೂ ಇಲ್ಲ.

ನಿನ್ನ ಅತ್ತಿ,
ಶರಣವ್ವ